ಕ್ರಿಸ್ತನ ಪ್ರಾಯಶ್ಚಿತ್ತ ಯಾರಿಗಾಗಿ? ಬ್ಯಾಪ್ಟಿಸ್ಟರ ವಾದ ನಡೆದು ಬಂದ ದಾರಿ

ಯೇಸು ಕ್ರಿಸ್ತನು ಶಿಲುಬೆಯ ಮೇಲೆ ಪ್ರಾಣ ಕೊಟ್ಟದ್ದು ಲೋಕದ ಎಲ್ಲ ಮನುಷ್ಯರಿಗಾಗಿಯೋ, ದೇವರು ಅನಾದಿಯಲ್ಲಿ ಆರಿಸಿಕೊಂಡವರಿಗಾಗಿ ಮಾತ್ರವೋ ಎಂಬ ಪ್ರಶ್ನೆ ಬ್ಯಾಪ್ಟಿಸ್ಟ್ ಸಭೆಗಳನ್ನು ಹುಟ್ಟಿನಿಂದಲೂ ಬಿಟ್ಟಿಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅವರು ಎರಡು ಪಂಗಡಗಳಾಗಿ ಹೆಸರು ಪಡೆದದ್ದೇ ಈ ಪ್ರಶ್ನೆಗೆ ಕೊಟ್ಟ ಉತ್ತರದಿಂದ. ಕ್ರಿಸ್ತನ ಮರಣ ಎಲ್ಲರಿಗಾಗಿ ಎಂದವರು ಜನರಲ್ ಬ್ಯಾಪ್ಟಿಸ್ಟರು. ಆರಿಸಲ್ಪಟ್ಟವರಿಗಾಗಿ ಮಾತ್ರ ಎಂದವರು ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರು. ಹದಿನೆಂಟನೆಯ ಶತಮಾನದ ಕೊನೆಗೆ ಎರಡನೆಯ ಪಂಗಡದೊಳಗೆ ನಡೆದ ಮರುಚಿಂತನೆಯಿಂದ ಒಂದು ಮಿಷನ್ ಸಂಘ ಹುಟ್ಟಿತು. ಆ ಸಂಘ ಭಾರತಕ್ಕೆ ಕಳುಹಿಸಿದ ವಿಲಿಯಂ ಕೇರಿ 1817ರಲ್ಲಿ ಶ್ರೀರಾಂಪುರದಿಂದ ಕನ್ನಡ ವ್ಯಾಕರಣವನ್ನು ಪ್ರಕಟಿಸಿದರು. ಆದ್ದರಿಂದ ಈ ವಾದ ದೂರದ ದೇಶದ ದೇವಶಾಸ್ತ್ರಿಗಳಿಗಷ್ಟೇ ಸೇರಿದ್ದಲ್ಲ. ಕನ್ನಡದ ಮುದ್ರಣ ಮತ್ತು ಕ್ರೈಸ್ತ ಸಾಹಿತ್ಯದ ಚರಿತ್ರೆಗೂ ಅದರ ನಂಟಿದೆ.

ವಾದದ ತಿರುಳು

ಎರಡೂ ಪಕ್ಷಗಳು ಒಪ್ಪುವ ಸಂಗತಿಗಳನ್ನು ಮೊದಲು ಬದಿಗಿಟ್ಟರೆ ಜಗಳವಿರುವ ಜಾಗ ಸ್ಪಷ್ಟವಾಗುತ್ತದೆ. ಮನುಷ್ಯರೆಲ್ಲರೂ ಪಾಪಿಗಳು, ಯಾರೂ ತಮ್ಮ ಪುಣ್ಯದಿಂದ ಪಾರಾಗಲಾರರು ಎಂಬುದರಲ್ಲಿ ಭಿನ್ನಮತವಿಲ್ಲ. ಕ್ರಿಸ್ತನು ದೇವಕುಮಾರನಾದ್ದರಿಂದ ಅವನ ಬಲಿಯ ಬೆಲೆಗೆ ಮಿತಿಯಿಲ್ಲ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ನಂಬಿದವರು ಮಾತ್ರ ರಕ್ಷಣೆ ಹೊಂದುತ್ತಾರೆ ಎಂಬುದನ್ನೂ ಎರಡೂ ಕಡೆಯವರು ಹೇಳುತ್ತಾರೆ. ಎಲ್ಲರಿಗಾಗಿ ಸತ್ತನು ಎನ್ನುವವರು ಎಲ್ಲರೂ ರಕ್ಷಿಸಲ್ಪಡುತ್ತಾರೆ ಎನ್ನುತ್ತಿಲ್ಲ. ಕೆಲವರಿಗಾಗಿ ಎನ್ನುವವರು ಆ ಮರಣಕ್ಕೆ ಶಕ್ತಿ ಸಾಲದು ಎನ್ನುತ್ತಿಲ್ಲ.

ಜಗಳವಿರುವುದು ಉದ್ದೇಶದಲ್ಲಿ. ತಂದೆಯು ಮಗನನ್ನು ಕಳುಹಿಸಿದಾಗ, ಮಗನು ತನ್ನನ್ನು ಒಪ್ಪಿಸಿಕೊಟ್ಟಾಗ, ಯಾರನ್ನು ಬಿಡಿಸುವ ಸಂಕಲ್ಪವಿತ್ತು? ಎಲ್ಲರಿಗೂ ರಕ್ಷಣೆಯ ದಾರಿ ತೆರೆಯುವುದೇ ಸಂಕಲ್ಪವಾಗಿತ್ತೋ, ನಿರ್ದಿಷ್ಟ ಜನರನ್ನು ಖಚಿತವಾಗಿ ರಕ್ಷಿಸುವುದು ಸಂಕಲ್ಪವಾಗಿತ್ತೋ? ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸಿನ ಪೀಟರ್ ಲೊಂಬಾರ್ಡ್ ಕೊಟ್ಟ ಸೂತ್ರ ಎರಡೂ ಕಡೆಯವರ ಕೈಯಲ್ಲಿ ಓಡಾಡಿದೆ: ಆ ಬಲಿ ಎಲ್ಲರಿಗೂ ಸಾಕಾಗುವಂಥದು, ಆರಿಸಲ್ಪಟ್ಟವರಲ್ಲಿ ಮಾತ್ರ ಫಲ ಕೊಡುವಂಥದು. ಈ ಸೂತ್ರದ ಮೊದಲರ್ಧಕ್ಕೆ ಒತ್ತು ಕೊಟ್ಟವರು ಒಂದು ಕಡೆಗೆ ಹೋದರು, ಎರಡನೆಯರ್ಧಕ್ಕೆ ಒತ್ತು ಕೊಟ್ಟವರು ಇನ್ನೊಂದು ಕಡೆಗೆ.

ಉದ್ದೇಶದ ಪ್ರಶ್ನೆಗೆ ಅಂಟಿಕೊಂಡೇ ಬರುವುದು ಸುವಾರ್ತೆಯ ಕರೆಯ ಪ್ರಶ್ನೆ. ಎದುರಿಗೆ ಕುಳಿತ ಯಾವ ಮನುಷ್ಯನಿಗಾದರೂ, ಕ್ರಿಸ್ತನನ್ನು ನಂಬು, ನಿನಗೆ ಕ್ಷಮೆಯುಂಟು ಎಂದು ಬೋಧಕನು ಹೇಳಬಹುದೇ? ಸಭೆಗಳ ಜೀವನದಲ್ಲಿ ವಾದ ಉರಿದದ್ದು ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯಲ್ಲಿ.

ಮುಕ್ತಿಗೆ ಯಾರು ಅರ್ಹರು ಎಂಬ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಮಧ್ವಾಚಾರ್ಯರ ದ್ವೈತಮತ ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ವರ್ಗಗಳನ್ನು ಹೇಳುತ್ತದೆ. ಆ ಮತಕ್ಕೆ ಶಾಸ್ತ್ರೀಯ ಬಿಗಿ ಕೊಟ್ಟ ಟೀಕಾಚಾರ್ಯ ಜಯತೀರ್ಥರ ಹೆಸರು ಕಲಬುರಗಿ ಜಿಲ್ಲೆಯ ಮಳಖೇಡದೊಂದಿಗೆ ಬೆಸೆದುಕೊಂಡಿದೆ. ಆದರೆ ಎರಡು ವಿಚಾರಗಳ ಬುಡ ಬೇರೆ. ದ್ವೈತದಲ್ಲಿ ಭೇದಕ್ಕೆ ಮೂಲ ಜೀವದ ಸ್ವಭಾವ. ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರ ಪ್ರಕಾರ ಸ್ವಭಾವದಲ್ಲಿ ಎಲ್ಲರೂ ಒಂದೇ ಸಮನಾಗಿ ಕೆಟ್ಟವರು. ಭೇದಕ್ಕೆ ಮೂಲ ದೇವರ ಕೃಪೆಯ ಆಯ್ಕೆ ಒಂದೇ.

ಎರಡು ಪಂಗಡಗಳ ಹುಟ್ಟು

ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಬಿದ್ದು ಹಾಲೆಂಡಿಗೆ ಹೋದ ಜಾನ್ ಸ್ಮಿತ್ 1609ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಎಂಬ ತತ್ತ್ವದ ಮೇಲೆ ಸಭೆ ಕಟ್ಟಿದರು. ಜೊತೆಗಾರ ಥಾಮಸ್ ಹೆಲ್ವಿಸ್ ಸ್ವಲ್ಪ ಕಾಲದಲ್ಲೇ ಸ್ಮಿತ್ ಅವರಿಂದ ಬೇರೆಯಾಗಿ, ಲಂಡನ್ನಿಗೆ ಮರಳಿ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇಂಗ್ಲೆಂಡಿನ ನೆಲದ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ನೆಲೆಗೊಳಿಸಿದರು. ಅದೇ ಕಾಲದಲ್ಲಿ ಹಾಲೆಂಡಿನಲ್ಲಿ ಆರ್ಮಿನಿಯಸ್ ಅವರ ಅನುಯಾಯಿಗಳು ಕ್ಯಾಲ್ವಿನ್ ಪರಂಪರೆಯ ಆಯ್ಕೆಯ ಸಿದ್ಧಾಂತವನ್ನು ಪ್ರಶ್ನಿಸಿ 1610ರಲ್ಲಿ ಮನವಿಯೊಂದನ್ನು ಹೊರತಂದಿದ್ದರು. ಕ್ರಿಸ್ತನು ಎಲ್ಲರಿಗಾಗಿ ಸತ್ತನು ಎಂಬುದು ಅದರ ಅಂಶಗಳಲ್ಲಿ ಒಂದು. 1618–19ರ ಡಾರ್ಟ್ ಮಹಾಸಭೆ ಆ ಮನವಿಯನ್ನು ತಳ್ಳಿಹಾಕಿತು. ಕ್ರಿಸ್ತನ ಮರಣದ ಬೆಲೆ ಲೋಕದ ಪಾಪಗಳಿಗೆಲ್ಲ ಸಾಕು, ಆದರೆ ಅದರ ರಕ್ಷಕ ಫಲ ಆರಿಸಲ್ಪಟ್ಟವರಿಗೆ ಎಂಬುದು ಡಾರ್ಟಿನ ನಿಲುವು. ಹೆಲ್ವಿಸ್ ಮತ್ತು ಅವರ ನಂತರದವರು ನಿಂತದ್ದು ಎಲ್ಲರಿಗಾಗಿ ಎಂಬ ಕಡೆ. ಮೊದಲ ಬ್ಯಾಪ್ಟಿಸ್ಟರು ಜನರಲ್ ಬ್ಯಾಪ್ಟಿಸ್ಟರೇ.

ಇನ್ನೊಂದು ಕವಲು 1630ರ ದಶಕದಲ್ಲಿ ಲಂಡನ್ನಿನಲ್ಲಿ ಚಿಗುರಿತು. 1616ರಲ್ಲಿ ಹೆನ್ರಿ ಜೇಕಬ್ ಸ್ಥಾಪಿಸಿದ್ದ ಸ್ವತಂತ್ರ ಸಭೆಯಿಂದ ಶಿಶುಸ್ನಾನವನ್ನು ಒಪ್ಪದವರು ಹೊರಬಂದರು. ಇವರು ದೇವಶಾಸ್ತ್ರದಲ್ಲಿ ಕ್ಯಾಲ್ವಿನ್ ಪರಂಪರೆಯವರು. 1644ರಲ್ಲಿ ಏಳು ಸಭೆಗಳು ಸೇರಿ ಹೊರಡಿಸಿದ ಲಂಡನ್ ವಿಶ್ವಾಸ ಪ್ರಮಾಣ, ಕ್ರಿಸ್ತನು ತನ್ನ ಮರಣದಿಂದ ಆರಿಸಲ್ಪಟ್ಟವರಿಗೆ ರಕ್ಷಣೆಯನ್ನು ಸಂಪಾದಿಸಿದನೆಂದು ಹೇಳಿತು. 1677ರಲ್ಲಿ ಸಿದ್ಧವಾಗಿ 1689ರ ಮಹಾಸಭೆಯಲ್ಲಿ ಅಂಗೀಕಾರವಾದ ಎರಡನೆಯ ಲಂಡನ್ ಪ್ರಮಾಣ, ಕ್ಯಾಲ್ವಿನ್ ಪರಂಪರೆಯ ವೆಸ್ಟ್‌ಮಿನ್‌ಸ್ಟರ್ ಪ್ರಮಾಣದ ಚೌಕಟ್ಟನ್ನೇ ಬಳಸಿ ಈ ನಿಲುವನ್ನು ಗಟ್ಟಿ ಮಾಡಿತು. ಇದಕ್ಕೆ ಸಮಾನಾಂತರವಾಗಿ ಜನರಲ್ ಬ್ಯಾಪ್ಟಿಸ್ಟರು 1660ರಲ್ಲಿ ಒಂದು, 1678ರಲ್ಲಿ ಇನ್ನೊಂದು ಪ್ರಮಾಣ ಬರೆದು, ಕ್ರಿಸ್ತನು ಮನುಕುಲಕ್ಕೆಲ್ಲ ಸತ್ತನೆಂದು ಸಾರಿದರು. ಹೀಗೆ ದೀಕ್ಷಾಸ್ನಾನದ ವಿಷಯದಲ್ಲಿ, ಸಭೆಯ ಸ್ವಾತಂತ್ರ್ಯದ ವಿಷಯದಲ್ಲಿ ಒಂದೇ ಮಾತಿನವರು ಪ್ರಾಯಶ್ಚಿತ್ತದ ವ್ಯಾಪ್ತಿಯಲ್ಲಿ ಎರಡಾಗಿ ಬೆಳೆದರು.

ವೇದವಾಕ್ಯಗಳು ಮತ್ತು ತರ್ಕ

ಬ್ಯಾಪ್ಟಿಸ್ಟರಿಗೆ ಸತ್ಯವೇದವೇ ಕೊನೆಯ ಪ್ರಮಾಣ. ಹಾಗಾಗಿ ಎರಡೂ ಕಡೆಯವರು ವಾಕ್ಯಗಳ ಮೇಲೆಯೇ ನಿಂತು ಮಾತಾಡುತ್ತಾರೆ. ಎಲ್ಲರಿಗಾಗಿ ಎನ್ನುವವರು ಮೊದಲು ತೆಗೆಯುವುದು ದೇವರು ಲೋಕವನ್ನು ಪ್ರೀತಿಸಿದ ಮಾತಿರುವ ಯೋಹಾನ 3:16. ಆಮೇಲೆ ಕ್ರಿಸ್ತನು ನಮ್ಮ ಪಾಪಗಳಿಗಷ್ಟೇ ಅಲ್ಲದೆ ಲೋಕದ ಪಾಪಗಳಿಗೂ ಪರಿಹಾರವೆನ್ನುವ 1 ಯೋಹಾನ 2:2, ಎಲ್ಲರಿಗಾಗಿ ತನ್ನನ್ನು ಈಡಾಗಿ ಕೊಟ್ಟನೆನ್ನುವ 1 ತಿಮೊಥೆ 2:6, ಪ್ರತಿಯೊಬ್ಬನಿಗಾಗಿ ಮರಣವನ್ನು ಅನುಭವಿಸಿದನೆನ್ನುವ ಇಬ್ರಿಯ 2:9 ಬರುತ್ತವೆ. ತಮ್ಮನ್ನು ಕೊಂಡುಕೊಂಡ ಒಡೆಯನನ್ನೇ ಅಲ್ಲಗಳೆದು ನಾಶಕ್ಕೆ ಹೋಗುವವರ ಬಗೆಗಿನ 2 ಪೇತ್ರ 2:1 ಅವರ ಬಲವಾದ ಆಧಾರಗಳಲ್ಲಿ ಒಂದು. ನಾಶವಾಗುವವರೂ ಕೊಂಡುಕೊಳ್ಳಲ್ಪಟ್ಟವರೇ ಎಂದು ಅದು ತೋರಿಸುತ್ತದೆಂದು ಅವರ ವಾದ.

ಆರಿಸಲ್ಪಟ್ಟವರಿಗಾಗಿ ಎನ್ನುವವರು ಕುರುಬನು ಕುರಿಗಳಿಗಾಗಿ ಪ್ರಾಣ ಕೊಡುವ ಯೋಹಾನ 10ನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಅದೇ ಅಧ್ಯಾಯದಲ್ಲಿ, ನೀವು ನನ್ನ ಕುರಿಗಳಲ್ಲ ಎಂದು ಕೆಲವರಿಗೆ ಹೇಳಿರುವುದನ್ನು ನೆನಪಿಸುತ್ತಾರೆ. ತನ್ನ ಜನರನ್ನು ಪಾಪಗಳಿಂದ ಕಾಯುವನೆಂಬ ಮತ್ತಾಯ 1:21, ಸಭೆಯನ್ನು ಪ್ರೀತಿಸಿ ಅದಕ್ಕಾಗಿ ತನ್ನನ್ನು ಒಪ್ಪಿಸಿಕೊಟ್ಟನೆಂಬ ಎಫೆಸ 5:25, ಲೋಕಕ್ಕಾಗಿ ಅಲ್ಲ, ನೀನು ನನಗೆ ಕೊಟ್ಟವರಿಗಾಗಿ ಬೇಡುತ್ತೇನೆಂಬ ಯೋಹಾನ 17:9 ಅವರ ಆಧಾರಗಳು. ಲೋಕ, ಎಲ್ಲರು ಎಂಬ ಮಾತುಗಳು ಅನೇಕ ಕಡೆ ಯೆಹೂದ್ಯರಲ್ಲದ ಜನಾಂಗಗಳನ್ನೂ ಒಳಗೊಂಡು ಎಂಬ ಅರ್ಥ ಕೊಡುತ್ತವೆ, ಒಬ್ಬೊಬ್ಬ ಮನುಷ್ಯನನ್ನೂ ಎಣಿಸಿ ಹೇಳಿದ ಮಾತಲ್ಲ ಎಂದು ಅವರು ವಿವರಿಸುತ್ತಾರೆ. ಇದಕ್ಕೆ ಎದುರು ಪಕ್ಷದ ಉತ್ತರ ಸರಳ: ತನ್ನ ಕುರಿಗಳಿಗಾಗಿ ಸತ್ತನೆಂದರೆ ಬೇರೆಯವರಿಗಾಗಿ ಸಾಯಲಿಲ್ಲವೆಂದು ಹೇಳಿದಂತಾಗುವುದಿಲ್ಲ, ಪೌಲನು ಕ್ರಿಸ್ತನು ನನಗಾಗಿ ತನ್ನನ್ನು ಒಪ್ಪಿಸಿಕೊಟ್ಟನೆಂದು ಬರೆದದ್ದರಿಂದ ಪೌಲನಿಗೊಬ್ಬನಿಗೇ ಸತ್ತನೆಂದು ಯಾರೂ ಹೇಳುವುದಿಲ್ಲ.

ವಾಕ್ಯಗಳ ಹಿಂದೆ ಒಂದು ತರ್ಕವಿದೆ. ಅದಕ್ಕೆ ಪ್ರಖರ ರೂಪ ಕೊಟ್ಟವರು ಬ್ಯಾಪ್ಟಿಸ್ಟರಲ್ಲದ ಜಾನ್ ಓವೆನ್. ಕ್ರಿಸ್ತನು ಎಲ್ಲರ ಎಲ್ಲ ಪಾಪಗಳ ಶಿಕ್ಷೆಯನ್ನು ಹೊತ್ತಿದ್ದರೆ ಯಾರಿಗೂ ಶಿಕ್ಷೆ ಉಳಿಯಬಾರದು. ಅಪನಂಬಿಕೆಯೂ ಪಾಪವೇ ಆದ್ದರಿಂದ ಅದಕ್ಕೂ ಪರಿಹಾರವಾಗಿರಬೇಕು. ಆದರೂ ಕೆಲವರು ನಾಶವಾಗುತ್ತಾರೆಂದರೆ ಒಂದೇ ಪಾಪಕ್ಕೆ ದೇವರು ಎರಡು ಸಲ ಶಿಕ್ಷೆ ವಿಧಿಸಿದಂತಾಗುತ್ತದೆ, ಅದು ನ್ಯಾಯವಲ್ಲ ಎಂಬುದು ಅದರ ಸಾರ. ಕ್ರಿಸ್ತನ ಮರಣ ರಕ್ಷಣೆಯನ್ನು ಸಾಧ್ಯ ಮಾಡಿ ಕೈಬಿಟ್ಟದ್ದಲ್ಲ, ಸಾಧಿಸಿಯೇ ತೀರಿದ್ದು ಎಂಬ ಗಂಭೀರ ಕಾಳಜಿ ಈ ತರ್ಕದ ಜೀವ.

ಇದಕ್ಕೆ ಬಂದ ಉತ್ತರಗಳಲ್ಲಿ ತೂಕವುಳ್ಳದ್ದು ಸಾಲಕ್ಕೂ ಅಪರಾಧಕ್ಕೂ ಇರುವ ವ್ಯತ್ಯಾಸವನ್ನು ಆಧರಿಸಿದೆ. ರೈತನೊಬ್ಬನ ಸೊಸೈಟಿ ಸಾಲವನ್ನು ಬೇರೊಬ್ಬರು ಕಟ್ಟಿದರೆ ರೈತನಿಗೆ ಗೊತ್ತಿರಲಿ, ಇಲ್ಲದಿರಲಿ, ಆ ಕ್ಷಣಕ್ಕೆ ಸಾಲ ತೀರುತ್ತದೆ. ಅಪರಾಧ ಹಾಗಲ್ಲ, ಅಪರಾಧಿಯ ಬದಲು ಇನ್ನೊಬ್ಬನು ಶಿಕ್ಷೆ ಹೊರಲು ಒಪ್ಪಿದಾಗ ಆ ಏರ್ಪಾಡು ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ಅನ್ವಯಿಸಬೇಕೆಂಬುದನ್ನು ನ್ಯಾಯಾಧಿಪತಿಯೇ ತೀರ್ಮಾನಿಸುತ್ತಾನೆ. ಪಾಪವನ್ನು ಹಣದ ಸಾಲದ ಲೆಕ್ಕದಲ್ಲಿ ನೋಡಿದರೆ ಆರಿಸಲ್ಪಟ್ಟವರು ನಂಬುವ ಮೊದಲೇ, ಹುಟ್ಟುವ ಮೊದಲೇ ಬಿಡುಗಡೆಯಾಗಿರಬೇಕಿತ್ತು. ಆದರೆ ಅವರೂ ನಂಬುವ ತನಕ ದೇವರ ಕೋಪಕ್ಕೆ ಗುರಿಯಾದವರೇ ಎಂದು ಪೌಲನು ಎಫೆಸದವರಿಗೆ ಬರೆದಿದ್ದಾನೆ. ಈ ಉತ್ತರವನ್ನು ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರ ಒಳಗಿನಿಂದಲೇ ಬೆಳೆಸಿದವರು ಆಂಡ್ರ್ಯೂ ಫುಲ್ಲರ್.

ಹದಿನೆಂಟನೆಯ ಶತಮಾನದ ಬಿಕ್ಕಟ್ಟು

ಫುಲ್ಲರ್ ಬರುವ ಹೊತ್ತಿಗೆ ಎರಡೂ ಪಂಗಡಗಳು ಬಾಡಿದ್ದವು. ಜನರಲ್ ಬ್ಯಾಪ್ಟಿಸ್ಟರಲ್ಲಿ ಬಹಳ ಸಭೆಗಳು ಕ್ರಿಸ್ತನ ದೈವತ್ವವನ್ನೇ ಸಂಶಯಿಸುವ ವಿಚಾರಕ್ಕೆ ಜಾರಿದ್ದವು. ಕ್ರಿಸ್ತನು ದೇವರಲ್ಲದಿದ್ದರೆ ಅವನ ಮರಣ ಎಲ್ಲರಿಗೂ ಸಾಕಾಗುವುದೆಂಬ ಮಾತಿಗೆ ತಳವೇ ಉಳಿಯುವುದಿಲ್ಲ. ಯಾರ್ಕ್‌ಷೈರಿನ ಗಣಿಯಲ್ಲಿ ದುಡಿದು ಬೆಳೆದ, ಮೆಥಡಿಸ್ಟ್ ಜಾಗೃತಿಯ ಪ್ರಭಾವ ಪಡೆದ ಡ್ಯಾನ್ ಟೇಲರ್ 1770ರಲ್ಲಿ ಹಳೆಯ ಶ್ರದ್ಧೆಯುಳ್ಳವರನ್ನು ಒಟ್ಟುಗೂಡಿಸಿ ಜನರಲ್ ಬ್ಯಾಪ್ಟಿಸ್ಟರ ಹೊಸ ಒಕ್ಕೂಟ ಕಟ್ಟಿದರು.

ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರ ಸಮಸ್ಯೆ ಬೇರೆ. ಅವರ ದೊಡ್ಡ ವಿದ್ವಾಂಸ ಜಾನ್ ಗಿಲ್ (1697–1771) ಮತ್ತು ಅವರ ಸಮಕಾಲೀನ ಜಾನ್ ಬ್ರೈನ್ ಅವರ ಪ್ರಭಾವದಲ್ಲಿ, ಎಲ್ಲರಿಗೂ ಕ್ರಿಸ್ತನನ್ನು ನೀಡುವಂತೆ ಬೋಧಿಸಬಾರದು ಎಂಬ ಅಭಿಪ್ರಾಯ ಬೇರೂರಿತ್ತು. ನಂಬುವ ಶಕ್ತಿ ದೇವರು ಕೊಟ್ಟವರಿಗೆ ಮಾತ್ರ ಇರುವುದರಿಂದ, ಶಕ್ತಿಯಿಲ್ಲದವನಿಗೆ ನಂಬಬೇಕೆಂಬ ಕರ್ತವ್ಯವನ್ನು ಹೊರಿಸುವುದು ಸಲ್ಲದು ಎಂಬುದು ಅದರ ಹಿಂದಿನ ಯೋಚನೆ. ಬೋಧಕರು ಪ್ರಸಂಗಪೀಠದಿಂದ ಆರಿಸಲ್ಪಟ್ಟವರ ಲಕ್ಷಣಗಳನ್ನು ವಿವರಿಸುತ್ತಿದ್ದರು; ಪಾಪಿಗಳನ್ನು ನೇರವಾಗಿ ಕರೆಯುತ್ತಿರಲಿಲ್ಲ. ಕೇಳುವವರು ತಮ್ಮೊಳಗೆ ಆ ಲಕ್ಷಣಗಳನ್ನು ಹುಡುಕುತ್ತಾ ವರ್ಷಗಟ್ಟಲೆ ಕಳೆಯುತ್ತಿದ್ದರು.

ಫುಲ್ಲರ್ (1754–1815) ಬೆಳೆದ ಸೋಹಮ್ ಊರಿನ ಸಭೆಯಲ್ಲೇ ಇದರ ಕಹಿ ಫಲ ಕಂಡಿತ್ತು. ಸದಸ್ಯನೊಬ್ಬ ಕುಡಿದದ್ದಕ್ಕೆ ಆಕ್ಷೇಪಿಸಿದಾಗ, ತನ್ನನ್ನು ತಡೆದುಕೊಳ್ಳುವ ಶಕ್ತಿ ತನಗಿರಲಿಲ್ಲ ಎಂದು ಅವನು ಸಮರ್ಥಿಸಿಕೊಂಡ. ಹೊರಗಿನ ನಡತೆಯಲ್ಲಾದರೂ ದೇವರಿಗೆ ವಿಧೇಯನಾಗುವ ಶಕ್ತಿ ಮನುಷ್ಯನಿಗಿದೆ ಎಂದು ಹೇಳಿದ ಸಭಾಪಾಲಕ ಜಾನ್ ಈವ್ ಸಭೆಯ ಬೆಂಬಲ ಕಳೆದುಕೊಂಡು 1771ರಲ್ಲಿ ಹುದ್ದೆ ಬಿಡಬೇಕಾಯಿತು. ಅದೇ ಸಭೆಯ ಪಾಲಕರಾದ ಫುಲ್ಲರ್ ಆ ಗೊಂದಲದ ನಡುವೆಯೇ ಯೋಚಿಸತೊಡಗಿದರು. ಅಮೆರಿಕದ ಜೊನಾಥನ್ ಎಡ್ವರ್ಡ್ಸ್ ಅವರ ಬರಹದಿಂದ ಅವರಿಗೆ ಒಂದು ದಾರಿ ಸಿಕ್ಕಿತು: ಕಣ್ಣಿಲ್ಲದವನು ಓದಲಾರದಿರುವುದು ಒಂದು ಬಗೆಯ ಅಶಕ್ತಿ, ಮನಸ್ಸಿಲ್ಲದವನು ಓದದಿರುವುದು ಇನ್ನೊಂದು ಬಗೆಯದು. ಪಾಪಿಯ ಅಶಕ್ತಿ ಎರಡನೆಯ ಬಗೆಯದು. ಆದ್ದರಿಂದ ಅದು ನೆಪವಾಗಲಾರದು, ಅದೇ ಅವನ ಅಪರಾಧ.

ಫುಲ್ಲರ್ ತಿದ್ದಿಕೊಂಡ ನಿಲುವು

ಕೆಟರಿಂಗ್ ಸಭೆಗೆ ಬಂದ ಮೇಲೆ ಫುಲ್ಲರ್ 1785ರಲ್ಲಿ ತಮ್ಮ ಮುಖ್ಯ ಗ್ರಂಥವನ್ನು ಪ್ರಕಟಿಸಿದರು. ಸುವಾರ್ತೆಯನ್ನು ಕೇಳಿದ ಪ್ರತಿಯೊಬ್ಬನಿಗೂ ಅದನ್ನು ನಂಬುವ ಕರ್ತವ್ಯವಿದೆ, ಆದ್ದರಿಂದ ಪ್ರತಿಯೊಬ್ಬನನ್ನೂ ಕರೆಯುವ ಕರ್ತವ್ಯ ಬೋಧಕನಿಗಿದೆ ಎಂಬುದು ಅದರ ಮಥಿತಾರ್ಥ. ಎರಡೂ ಕಡೆಯಿಂದ ಟೀಕೆ ಬಂತು. ಜನರಲ್ ಪಕ್ಷದಿಂದ ಡ್ಯಾನ್ ಟೇಲರ್ ಗುಪ್ತನಾಮದಲ್ಲಿ ಬರೆದ ಟೀಕೆ ನೇರವಾಗಿ ಗುರಿಗೆ ತಾಗಿತು: ಎಲ್ಲರನ್ನೂ ಕರೆಯಬೇಕೆನ್ನುವಿರಿ, ಆದರೆ ಎಲ್ಲರಿಗಾಗಿ ಏರ್ಪಾಡೇ ಆಗಿಲ್ಲದಿದ್ದರೆ ಯಾವ ಆಧಾರದ ಮೇಲೆ ಕರೆಯುತ್ತೀರಿ?

ಫುಲ್ಲರ್ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. ಹಳೆಯ ರೀತಿಯ ಉತ್ತರದಿಂದ ಟೇಲರ್ ಅವರ ಆಕ್ಷೇಪಣೆಗೆ ಸಮಾಧಾನ ಹೇಳಲಾಗದೆಂದು ಅವರಿಗೆ ಮನವರಿಕೆಯಾಯಿತು. 1801ರ ಎರಡನೆಯ ಆವೃತ್ತಿಯಲ್ಲಿ ಪ್ರಾಯಶ್ಚಿತ್ತದ ಭಾಗವನ್ನು ಅವರು ತಿದ್ದಿ ಬರೆದರು. ಅವರ ಹೊಸ ನಿಲುವಿನಲ್ಲಿ ಕ್ರಿಸ್ತನ ಮರಣ ತನ್ನಷ್ಟಕ್ಕೆ ಎಲ್ಲರಿಗೂ ಸಾಕು. ಲೋಕವೆಲ್ಲ ನಂಬಿದರೂ ಇನ್ನೊಂದು ಬಲಿ ಬೇಕಾಗದು. ಮಿತಿಯಿರುವುದು ಬಲಿಯಲ್ಲಲ್ಲ, ಅದನ್ನು ಯಾರಲ್ಲಿ ಫಲಿಸುವಂತೆ ಮಾಡಬೇಕೆಂಬ ದೇವರ ಸಂಕಲ್ಪದಲ್ಲಿ. ಆಯ್ಕೆಯ ಸಿದ್ಧಾಂತವನ್ನು ಬಿಡದೆ ಎಲ್ಲರನ್ನೂ ಕರೆಯುವುದಕ್ಕೆ ತಳಹದಿ ಹಾಕಿದ ಈ ನಿಲುವಿಗೆ ಮುಂದೆ ಫುಲ್ಲರ್‌ವಾದ ಎಂಬ ಹೆಸರು ಬಂತು.

ಟೇಲರ್ ಅವರಿಗೆ ಹತ್ತಿರ ಬಂದರೆಂಬ ಕಾರಣಕ್ಕೆ ಸ್ವಪಕ್ಷದ ಹಿರಿಯ ಅಬ್ರಹಾಂ ಬೂತ್ ಅಸಮಾಧಾನಗೊಂಡರು. ಬೂತ್ ಮೊದಲು ಜನರಲ್ ಬ್ಯಾಪ್ಟಿಸ್ಟರಾಗಿದ್ದು ಪಕ್ಷ ಬದಲಿಸಿದವರು. ಅವರೂ ಪಾಪಿಗಳನ್ನೆಲ್ಲ ಕರೆಯಬೇಕೆನ್ನುವವರೇ. ಆದರೆ ಕ್ರಿಸ್ತನು ತನ್ನ ಜನರ ಪಾಪವನ್ನೇ ಹೊತ್ತು ಅವರ ಬದಲಾಗಿ ನಿಂತನೆಂಬ ಮಾತು ಫುಲ್ಲರ್ ಅವರ ಕೈಯಲ್ಲಿ ಸಡಿಲವಾಗುತ್ತಿದೆಯೆಂಬ ಭಯ ಅವರಿಗಿತ್ತು. 1803ರ ಸುಮಾರಿನಲ್ಲಿ ಇಬ್ಬರ ನಡುವೆ ನಡೆದ ಈ ವಿವಾದ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸುತ್ತದೆ: ವ್ಯಾಪ್ತಿಯ ಪ್ರಶ್ನೆಗೆ ಕೊಡುವ ಉತ್ತರ, ಪ್ರಾಯಶ್ಚಿತ್ತವೆಂದರೇನು ಎಂಬ ಪ್ರಶ್ನೆಗೆ ಕೊಡುವ ಉತ್ತರವನ್ನು ಅವಲಂಬಿಸಿರುತ್ತದೆ. ಇನ್ನೊಂದು ತುದಿಯಲ್ಲಿ ವಿಲಿಯಂ ಗ್ಯಾಡ್ಸ್‌ಬಿ ಮೊದಲಾದ, ಪರ್ಟಿಕ್ಯುಲರ್ ಪಕ್ಷದಲ್ಲೇ ಬಿಗಿ ನಿಲುವಿನ ಸ್ಟ್ರಿಕ್ಟ್ ಬ್ಯಾಪ್ಟಿಸ್ಟರು ಫುಲ್ಲರ್ ಅವರನ್ನು ಪೂರ್ತಿ ತಿರಸ್ಕರಿಸಿದರು. 1835ರಲ್ಲಿ ಆರಂಭವಾದ ಗಾಸ್ಪೆಲ್ ಸ್ಟ್ಯಾಂಡರ್ಡ್ ಪತ್ರಿಕೆಯ ಸುತ್ತ ಅವರ ಬಳಗ ಬೆಳೆಯಿತು.

ವಾದದಿಂದ ಮಿಷನ್, ಮಿಷನ್‌ನಿಂದ ಕನ್ನಡ

ಎಲ್ಲರನ್ನೂ ಕರೆಯಬೇಕೆಂಬ ಮಾತು ಊರಿನ ಎಲ್ಲೆಯಲ್ಲಿ ನಿಲ್ಲುವಂಥದಲ್ಲ. ಚಪ್ಪಲಿ ಹೊಲಿಯುತ್ತಿದ್ದ ವಿಲಿಯಂ ಕೇರಿ ಇದರ ಅರ್ಥವನ್ನು ದೂರದ ಜನಾಂಗಗಳ ತನಕ ಹಿಗ್ಗಿಸಿ 1792ರಲ್ಲಿ ಪುಸ್ತಕ ಬರೆದರು. ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗ್‌ನಲ್ಲಿ ವಿಧವೆ ವಾಲಿಸ್ ಅವರ ಮನೆಯಲ್ಲಿ ಸೇರಿದ ಕೆಲವರು ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಯನ್ನು ಸ್ಥಾಪಿಸಿದರು. ಅಂದು ಕೂಡಿದ ವಾಗ್ದಾನದ ಹಣ 13 ಪೌಂಡು 2 ಷಿಲ್ಲಿಂಗ್ 6 ಪೆನ್ಸ್. ಸಂಘದ ಮೊದಲ ಹೆಸರಿನಲ್ಲೇ ಪರ್ಟಿಕ್ಯುಲರ್ ಎಂಬ ಪದವಿತ್ತು. ಕಾರ್ಯದರ್ಶಿಯಾದ ಫುಲ್ಲರ್ ಸಾಯುವ ತನಕ ಆ ಹೊಣೆ ಹೊತ್ತರು. ಆರಿಸಲ್ಪಟ್ಟವರಿಗಾಗಿ ಕ್ರಿಸ್ತನು ಸತ್ತನೆಂದು ನಂಬಿದ ಜನರೇ ಲೋಕದ ಎಲ್ಲರಿಗೂ ಸುವಾರ್ತೆ ಸಾರಲು ಹೊರಟದ್ದು ಈ ಚರಿತ್ರೆಯ ಅತಿ ಮುಖ್ಯ ಸಂಗತಿ.

ಕೇರಿ 1793ರಲ್ಲಿ ಬಂಗಾಳ ತಲುಪಿದರು. 1800ರಿಂದ ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಜೊತೆ ಶ್ರೀರಾಂಪುರದಲ್ಲಿ ನೆಲೆಸಿ, ಭಾರತದ ಭಾಷೆಗಳಿಗೆ ಸತ್ಯವೇದದ ಅನುವಾದ ಮತ್ತು ಮುದ್ರಣಕ್ಕೆ ತೊಡಗಿದರು. ಕನ್ನಡವೂ ಆ ಯೋಜನೆಯಲ್ಲಿತ್ತು. 1812ರ ಮಾರ್ಚ್‌ನಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಅಚ್ಚುಮೊಳೆ, ಕಾಗದ, ಹಸ್ತಪ್ರತಿಗಳು ಸುಟ್ಟುಹೋದವು. ನಷ್ಟವಾದವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸೇರಿತ್ತು. ಸುದ್ದಿ ತಲುಪಿದ ಮೇಲೆ ಫುಲ್ಲರ್ ಮತ್ತು ಗೆಳೆಯರು ಬ್ರಿಟನ್ನಿನಲ್ಲಿ ಕೆಲವೇ ವಾರಗಳಲ್ಲಿ ನಷ್ಟ ತುಂಬುವಷ್ಟು ಹಣ ಕೂಡಿಸಿದರು. ಕೇರಿ ಮತ್ತೆ ಕುಳಿತು ಕೆಲಸ ಮಾಡಿದರು. 1817ರಲ್ಲಿ ಕನ್ನಡ ವ್ಯಾಕರಣ, 1823ರ ಸುಮಾರಿಗೆ ಕನ್ನಡ ಹೊಸ ಒಡಂಬಡಿಕೆ ಶ್ರೀರಾಂಪುರದಿಂದ ಹೊರಬಂದವು. ಕನ್ನಡ ನೆಲದಲ್ಲೇ ಕುಳಿತು ಅನುವಾದ ಮಾಡಿದವರು 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು. ಪೂರ್ಣ ಕನ್ನಡ ಸತ್ಯವೇದದ ಕೀರ್ತಿ ಅವರಿಗೆ ಸಲ್ಲುತ್ತದೆ.

ಭಾರತದ ನೆಲದಲ್ಲಿ ಎರಡೂ ಪಂಗಡಗಳು ನೆರೆಹೊರೆಯಲ್ಲಿ ದುಡಿದವು. ಬಂಗಾಳ ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರದು. 1816ರಲ್ಲಿ ಸ್ಥಾಪನೆಯಾದ ಜನರಲ್ ಬ್ಯಾಪ್ಟಿಸ್ಟ್ ಮಿಷನ್ 1822ರಲ್ಲಿ ಒಡಿಶಾದ ಕಟಕ್‌ಗೆ ಬಂತು. ಆ ಮಿಷನ್ನಿನ ಏಮೊಸ್ ಸಟ್ಟನ್ 1830ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಎರಡು ಬಗೆಯ ಬ್ಯಾಪ್ಟಿಸ್ಟರನ್ನೂ ಭಾರತದ ಕಡೆ ತಿರುಗಿಸಿದರು. ಎಲ್ಲರಿಗಾಗಿ ಎನ್ನುವ ಫ್ರೀ ವಿಲ್ ಬ್ಯಾಪ್ಟಿಸ್ಟರು ಉತ್ತರ ಒಡಿಶಾಕ್ಕೆ ಬಂದರು. ಕ್ಯಾಲ್ವಿನ್ ಪರಂಪರೆಯ ಪ್ರಮಾಣವನ್ನು ಇಟ್ಟುಕೊಂಡಿದ್ದ ಅಮೆರಿಕನ್ ಬ್ಯಾಪ್ಟಿಸ್ಟರು ತೆಲುಗು ನಾಡಿಗೆ ಬಂದರು. ಸ್ಯಾಮ್ಯುಯೆಲ್ ಡೇ 1840ರಲ್ಲಿ ನೆಲ್ಲೂರಿನಲ್ಲಿ ನೆಲೆಸಿದರು. 1878ರ ಜುಲೈ 3ರಂದು ಒಂಗೋಲು ಬಳಿಯ ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನವಾಯಿತು. ಮುಂದೆ ಈ ತೆಲುಗು ಮಿಷನ್ ನಿಜಾಮರ ರಾಜ್ಯದೊಳಗೆ ಹರಡಿ, ರಾಯಚೂರು-ಕಲಬುರಗಿಗಳ ನೆರೆಯ ಪಾಲಮೂರಿಗೂ ಬಂತು. ಆ ಭಾಗದ ಕೆಲಸ ಇಪ್ಪತ್ತನೆಯ ಶತಮಾನದಲ್ಲಿ ಮೆನ್ನೊನೈಟ್ ಬ್ರದರನ್ ಅವರ ಕೈಗೆ ಹೋಯಿತು.

ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ

ಇಂಗ್ಲೆಂಡಿನಲ್ಲಿ ಫುಲ್ಲರ್ ಅವರ ನಿಲುವು ಹರಡಿದಂತೆಲ್ಲ ಎರಡು ಪಂಗಡಗಳ ನಡುವಿನ ಗೋಡೆ ತಗ್ಗಿತು. 1891ರಲ್ಲಿ ಟೇಲರ್ ಅವರ ಒಕ್ಕೂಟ ಬ್ಯಾಪ್ಟಿಸ್ಟ್ ಯೂನಿಯನ್ನಿನಲ್ಲಿ ವಿಲೀನವಾಯಿತು. ಬಂಗಾಳ ಮತ್ತು ಒಡಿಶಾಗಳ ಎರಡು ಮಿಷನ್ ಸಂಘಗಳೂ ಒಂದಾದವು. ವಿಲೀನಕ್ಕೆ ದುಡಿದ ಜಾನ್ ಕ್ಲಿಫರ್ಡ್ ಜನರಲ್ ಪರಂಪರೆಯವರು; 1905ರಲ್ಲಿ ಸ್ಥಾಪನೆಯಾದ ಬ್ಯಾಪ್ಟಿಸ್ಟ್ ವಿಶ್ವ ಒಕ್ಕೂಟದ ಮೊದಲ ಅಧ್ಯಕ್ಷರೂ ಅವರೇ. ಆದರೆ ಗಿಲ್ ಅವರ ಪೀಠದಲ್ಲಿ ಸುಮಾರು ಎಂಬತ್ತು ವರ್ಷಗಳ ನಂತರ ನಿಂತ ಚಾರ್ಲ್ಸ್ ಸ್ಪರ್ಜನ್ (1834–1892) 1689ರ ಪ್ರಮಾಣವನ್ನು ಮತ್ತೆ ಅಚ್ಚು ಹಾಕಿಸಿ, ಆರಿಸಲ್ಪಟ್ಟವರಿಗಾಗಿ ಎಂಬ ಬೋಧನೆಯನ್ನು ಎತ್ತಿಹಿಡಿದರು. ಜೊತೆಗೆ ಆ ಕಾಲದ ಯಾವ ಬೋಧಕನಿಗೂ ಕಡಿಮೆಯಿಲ್ಲದ ಆರ್ತತೆಯಿಂದ ಎಲ್ಲ ಪಾಪಿಗಳನ್ನು ಕ್ರಿಸ್ತನ ಬಳಿಗೆ ಕರೆದರು.

ಅಮೆರಿಕದಲ್ಲಿ ಕಥೆ ಇನ್ನೊಂದು ತಿರುವು ಪಡೆಯಿತು. ಫಿಲಡೆಲ್ಫಿಯಾ ಒಕ್ಕೂಟ 1742ರಲ್ಲಿ ಲಂಡನ್ ಪ್ರಮಾಣವನ್ನು ಸ್ವೀಕರಿಸಿತ್ತು. 1801ರಲ್ಲಿ ಕೆಂಟಕಿಯ ಎರಡು ಗುಂಪುಗಳು ಒಂದಾಗುವಾಗ, ಕ್ರಿಸ್ತನು ಪ್ರತಿಯೊಬ್ಬನಿಗಾಗಿ ಸತ್ತನೆಂದು ಬೋಧಿಸುವುದು ಸಹಭಾಗಿತ್ವಕ್ಕೆ ಅಡ್ಡಿಯಾಗದೆಂದು ಬರೆದುಕೊಂಡವು. 1833ರ ನ್ಯೂ ಹ್ಯಾಂಪ್‌ಷೈರ್ ಪ್ರಮಾಣ ವ್ಯಾಪ್ತಿಯ ಮಾತನ್ನು ಬಿಗಿ ಮಾಡದೆ, ರಕ್ಷಣೆಯ ವರಗಳು ಸುವಾರ್ತೆಯ ಮೂಲಕ ಎಲ್ಲರಿಗೂ ಮುಕ್ತವೆಂದಿತು. 1845ರಲ್ಲಿ ರೂಪುಗೊಂಡ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1925ರಲ್ಲಿ ತನ್ನ ವಿಶ್ವಾಸ ಪ್ರಮಾಣವನ್ನು ಇದರ ಮೇಲೆಯೇ ಕಟ್ಟಿತು. 2000ದಲ್ಲಿ ಪರಿಷ್ಕರಣೆಯಾದ ಅದರ ಪಾಠಕ್ಕೆ ಎರಡೂ ಪಕ್ಷದವರು ಸಹಿ ಹಾಕಬಲ್ಲರು. ದೇವಶಾಸ್ತ್ರಿಗಳಲ್ಲೂ ಒಮ್ಮತವಿಲ್ಲ. ಆಗಸ್ಟಸ್ ಸ್ಟ್ರಾಂಗ್, ಮಿಲ್ಲರ್ಡ್ ಎರಿಕ್ಸನ್ ಆಯ್ಕೆಯ ಸಿದ್ಧಾಂತವನ್ನು ಒಪ್ಪಿಯೂ ಕ್ರಿಸ್ತನು ಎಲ್ಲರಿಗಾಗಿ ಸತ್ತನೆಂದರು. ವೇಯ್ನ್ ಗ್ರೂಡೆಮ್, ಜಾನ್ ಪೈಪರ್ ಆರಿಸಲ್ಪಟ್ಟವರಿಗಾಗಿ ಎಂದರು.

1980ರ ದಶಕದಿಂದ ಸದರ್ನ್ ಬ್ಯಾಪ್ಟಿಸ್ಟರಲ್ಲಿ ಕ್ಯಾಲ್ವಿನ್ ಪರಂಪರೆ ಮತ್ತೆ ಬಲಗೊಂಡಿತು. 1986ರಲ್ಲಿ ಬಂದ ಟಾಮ್ ನೆಟಲ್ಸ್ ಅವರ ಚರಿತ್ರೆಯ ಪುಸ್ತಕ, ಬ್ಯಾಪ್ಟಿಸ್ಟರ ಮೂಲ ಧಾರೆ ಇದೇ ಎಂದು ವಾದಿಸಿತು. ಎದುರು ಪಕ್ಷ 2008ರಲ್ಲಿ ಯೋಹಾನ 3:16ರ ಹೆಸರಿನಲ್ಲೇ ಸಮ್ಮೇಳನ ನಡೆಸಿತು. 2012ರಲ್ಲಿ ತನ್ನ ನಿಲುವಿನ ಹೇಳಿಕೆ ಹೊರಡಿಸಿತು. 2013ರಲ್ಲಿ ಎರಡೂ ಕಡೆಯವರಿದ್ದ ಸಮಿತಿಯೊಂದು, ಭಿನ್ನತೆಯನ್ನು ಮುಚ್ಚಿಡದೆ ಒಟ್ಟಿಗೆ ದುಡಿಯಬೇಕೆಂದು ವರದಿ ಕೊಟ್ಟಿತು. 2016ರಲ್ಲಿ ಡೇವಿಡ್ ಆ್ಯಲನ್ ಈ ಪ್ರಶ್ನೆಯ ಇಡೀ ಚರಿತ್ರೆಯನ್ನು ಎಲ್ಲರಿಗಾಗಿ ಎಂಬ ಪಕ್ಷದಿಂದ ದೊಡ್ಡ ಗ್ರಂಥವಾಗಿ ಬರೆದರು. ಕರ್ನಾಟಕಕ್ಕೆ ಈ ಕನ್ವೆನ್ಷನ್ನಿನ ಪರಿಚಯ ಬೇರೊಂದು ದಾರಿಯಿಂದ: 1973ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ಅದರ ವಿದೇಶ ಮಿಷನ್ ಸ್ಥಾಪಿಸಿದ್ದು.

ಕಲಬುರಗಿ ಸೀಮೆಯಿಂದ ನೋಡಿದಾಗ

ಕಲಬುರಗಿ, ಬೀದರ, ಯಾದಗಿರಿ ಭಾಗದ ಪ್ರೊಟೆಸ್ಟೆಂಟರಲ್ಲಿ ಪ್ರಮುಖರು ಮೆಥಡಿಸ್ಟರು. ದಕ್ಷಿಣ ಮತ್ತು ಮಧ್ಯ ಕರ್ನಾಟಕದ ಬ್ರಿಟಿಷ್ ಮೆಥಡಿಸ್ಟ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿದರೂ ಅಮೆರಿಕನ್ ಮೆಥಡಿಸ್ಟ್ ಪರಂಪರೆಯ ಈ ಭಾಗ ಬೇರೆಯೇ ಉಳಿದು, 1981ರಿಂದ ಭಾರತದ ಮೆಥಡಿಸ್ಟ್ ಸಭೆಯ ಭಾಗವಾಗಿದೆ. ಅವರ ಗುರು ಜಾನ್ ವೆಸ್ಲಿ 1739ರಿಂದಲೇ ಕ್ರಿಸ್ತನ ಕೃಪೆ ಎಲ್ಲರಿಗೂ ಎಂದು ಸಾರಿದವರು. 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗಾಗಿ ಆಂಗ್ಲಿಕನ್ ವಿಧಿಗಳನ್ನು ಸಂಕ್ಷೇಪಿಸುವಾಗ ಆಯ್ಕೆಯ ವಿಧಿಯನ್ನು ಕೈಬಿಟ್ಟರು. ಕ್ರಿಸ್ತನ ಬಲಿ ಇಡೀ ಲೋಕದ ಪಾಪಗಳಿಗಾಗಿ ಎಂಬ ವಿಧಿಯನ್ನು ಉಳಿಸಿದರು. ಹೀಗಾಗಿ ಈ ಸೀಮೆಯ ಮೆಥಡಿಸ್ಟ್ ಮನೆಗಳಲ್ಲಿ ಬೆಳೆದವರಿಗೆ ಎಲ್ಲರಿಗಾಗಿ ಎಂಬ ಮಾತು ಪ್ರಶ್ನೆಯಿಲ್ಲದೆ ಬಂದ ಆಸ್ತಿ. ಬ್ಯಾಪ್ಟಿಸ್ಟರಲ್ಲಿ ಹಾಗಲ್ಲ. ಅವರ ಪ್ರತಿ ಸಭೆಯೂ ಸ್ವತಂತ್ರ. ಮೇಲಿನಿಂದ ತೀರ್ಪು ಕೊಡುವ ಬಿಷಪರಾಗಲಿ ಮಹಾಸಭೆಯಾಗಲಿ ಅವರಿಗಿಲ್ಲ. ವಾದ ಇನ್ನೂ ಜೀವಂತವಾಗಿರಲು ಈ ರಚನೆಯೂ ಒಂದು ಕಾರಣ.

ತೂಗಿ ನೋಡಿದರೆ

ನಾಲ್ಕು ಶತಮಾನಗಳ ಈ ಚರಿತ್ರೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಎಲ್ಲರಿಗಾಗಿ ಎಂಬ ಪಕ್ಷ ವೇದವಾಕ್ಯಗಳ ಸಹಜ ಅರ್ಥಕ್ಕೆ ಹತ್ತಿರವಿದೆ. ಎಲ್ಲರನ್ನೂ ಕರೆಯಲು ಅದಕ್ಕೆ ಯಾವ ತೊಡಕೂ ಇಲ್ಲ. ಆದರೆ ಕ್ರಿಸ್ತನು ಮಾಡಿದ್ದರ ಫಲ ಕೊನೆಗೆ ಮನುಷ್ಯನ ಒಪ್ಪಿಗೆಯ ಮೇಲೆ ನಿಂತಿತೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಬೇಕಾಗುತ್ತದೆ. ಆರಿಸಲ್ಪಟ್ಟವರಿಗಾಗಿ ಎಂಬ ಪಕ್ಷ ಕ್ರಿಸ್ತನ ಕೆಲಸ ವ್ಯರ್ಥವಾಗದೆಂಬ ಭರವಸೆಯನ್ನು ಕಾಪಾಡುತ್ತದೆ. ಆದರೆ ಲೋಕ, ಎಲ್ಲರು ಎಂಬ ಮಾತುಗಳನ್ನು ವಿವರಿಸುವ ಭಾರ ಅದರ ಮೇಲಿದೆ. ಫುಲ್ಲರ್ ಅವರ ಮಧ್ಯದ ದಾರಿ ತರ್ಕದ ಗಂಟುಗಳನ್ನೆಲ್ಲ ಬಿಚ್ಚಲಿಲ್ಲ. ಬಲಿಯ ಸಾಕಷ್ಟುತನವನ್ನೂ ದೇವರ ಸಂಕಲ್ಪವನ್ನೂ ಬೇರೆ ಬೇರೆಯಾಗಿ ನೋಡಲು ಕಲಿಸಿತು. ಪ್ರತಿಪಕ್ಷದ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಸಿಕೊಂಡು ತನ್ನ ಮಾತನ್ನು ತಿದ್ದಿ ಬರೆದ ವಿವಾದಗಳು ಧರ್ಮಚರಿತ್ರೆಯಲ್ಲಿ ಹೆಚ್ಚಿಲ್ಲ. ಅದಕ್ಕಾಗಿ ಫುಲ್ಲರ್ ಮತ್ತು ಟೇಲರ್ ಇಬ್ಬರೂ ಗೌರವಕ್ಕೆ ಪಾತ್ರರು.

ಸಭೆಗಳ ಅನುಭವ ಇನ್ನೂ ಒಂದು ಸಂಗತಿಯನ್ನು ಖಚಿತಪಡಿಸುತ್ತದೆ. ಕ್ರಿಸ್ತನು ಯಾರೆಂಬುದನ್ನೇ ಮರೆತ ಜನರಲ್ ಸಭೆಗಳೂ, ಪಾಪಿಯನ್ನು ಕರೆಯುವುದನ್ನೇ ಬಿಟ್ಟ ಪರ್ಟಿಕ್ಯುಲರ್ ಸಭೆಗಳೂ ಸಮನಾಗಿ ಸೊರಗಿದವು. ಕ್ರಿಸ್ತನ ಬಲಿಯನ್ನು ನೆಚ್ಚಿ, ಎಲ್ಲರನ್ನೂ ಕರೆದ ಸಭೆಗಳು ಎರಡೂ ಪಕ್ಷಗಳಲ್ಲಿ ಬೆಳೆದವು. ಟೇಲರ್ ಮತ್ತು ಸಟ್ಟನ್ ಒಂದು ಕಡೆಯವರು, ಫುಲ್ಲರ್, ಕೇರಿ ಮತ್ತು ಸ್ಪರ್ಜನ್ ಇನ್ನೊಂದು ಕಡೆಯವರು. ಈ ಪ್ರಶ್ನೆಯನ್ನು ಎತ್ತಿಕೊಳ್ಳುವ ಕನ್ನಡದ ಬೋಧಕರೂ ಓದುಗರೂ ಒಂದು ಪಕ್ಷದ ಕೈಪಿಡಿಯನ್ನಷ್ಟೇ ಓದಿ ಇನ್ನೊಂದು ಪಕ್ಷದವರನ್ನು ಸಹಭಾಗಿತ್ವದಿಂದ ದೂರವಿಡುವುದು ಸಲ್ಲದು. ಎರಡೂ ಕಡೆಯ ವಾಕ್ಯಗಳನ್ನು ಕನ್ನಡ ಸತ್ಯವೇದದಲ್ಲೇ ತೆರೆದು, ಈ ಚರಿತ್ರೆಯನ್ನು ಮುಂದಿಟ್ಟುಕೊಂಡು ಓದಬೇಕು.